ಹದಿನೇಳನೇ ನಂಬರಿನ ಬಟ್ಟೆ

ನವೆಂಬರ್ ೯

ಗಿಡ್ಡ,

ಆರಡಿ ಬೆಳೆದವನನ್ನು ಇನ್ನೂ ಗಿಡ್ಡ ಅನ್ನುತ್ತಾಳಲ್ಲ ಅಂತ ಗೊಣಗಬೇಡ. ಲಕೋಟೆಯ ಮೇಲೆ ನಿನ್ನ ಪೂರ್ತಿ ಹೆಸರು, ದರ್ಜೆ, ಕ್ಯಾಂಪು ಎಲ್ಲ ಮರ್ಯಾದೆಯಿಂದ ಬರೆದಿದ್ದೇನೆ. ಒಳಗಿನದು ನನ್ನ ರಾಜ್ಯ.

ಕಡೆಗೂ ನನಗೆ ಕಡತದ ಕೋಣೆಯಿಂದ ಬಿಡುಗಡೆ ಸಿಕ್ಕಿತು. ಇಷ್ಟು ವರ್ಷ ಟೆಂಡರ್ ಕಾಗದಗಳಿಗೆ ದಾರ ಕಟ್ಟಿಸಿದ ಮೇಲೆ, ಇವಳು ಜವಳಿ ಓದಿದವಳು ಅನ್ನುವುದು ಖರೀದಿ ವಿಭಾಗಕ್ಕೆ ನೆನಪಾಗಿದೆ. ಈಗ ನಾನು ಪರೀಕ್ಷಾ ವಿಭಾಗದವಳು. ಸೈನ್ಯಕ್ಕೆ ಕೊಳ್ಳಬೇಕೆಂದಿರುವ ಬೆಂಕಿ ತಡೆಯುವ ಬಟ್ಟೆಯನ್ನು ಸುಟ್ಟು ನೋಡುವುದು ನನ್ನ ಕೆಲಸ. ಕೇಳಿ ನಗಬೇಡ. ಹಾಲು ಕಾಯಿಸಲು ಇಟ್ಟು ಮರೆಯುವವಳಿಗೆ ಸರಿಯಾದ ಹುದ್ದೆಯೇ ಕೊಟ್ಟಿದ್ದಾರೆ.

ಕಟ್ಟಡದ ಹಿಂದೆ ಕಿಟಕಿಯಿಲ್ಲದ ಒಂದು ಇಟ್ಟಿಗೆ ಕೋಣೆ. ನಡುವೆ ಸರಪಳಿಯಿಂದ ತೂಗುಬಿಟ್ಟ ಆಳೆತ್ತರದ ಗೊಂಬೆ. ಅದರ ಮೈತುಂಬ ಅಂಗಿಗುಂಡಿಯಷ್ಟಗಲದ ಸೆನ್ಸರ್‌ಗಳು, ಸುತ್ತ ಗ್ಯಾಸ್ ಬರ್ನರ್‌ಗಳು. ಗೊಂಬೆಗೆ ಯೂನಿಫಾರ್ಮ್ ತೊಡಿಸಿ, ಹೊರಗೆ ಬಂದು, ದಪ್ಪ ಗಾಜಿನ ಹಿಂದೆ ನಿಂತು ಸ್ವಿಚ್ ಒತ್ತಬೇಕು. ಮೂರು ಸೆಕೆಂಡು ಬೆಂಕಿ. ಒಳಗೆ ಮನುಷ್ಯನಿದ್ದಿದ್ದರೆ ಎಲ್ಲೆಲ್ಲಿ ಎಷ್ಟು ಸುಡುತ್ತಿತ್ತು ಅಂತ ಕಂಪ್ಯೂಟರ್ ಹೇಳುತ್ತದೆ. ಗೊಂಬೆಗೆ ಮುಖವಿಲ್ಲ. ಆದರೂ ನಾನು ತೊಡಿಸುವಾಗ ಬೇರೆ ಕಡೆ ನೋಡುತ್ತೇನೆ, ಯಾಕೋ ನಾಚಿಕೆ.

ಹೊಸ ಬಟ್ಟೆ ಸುಟ್ಟು ನೋಡಿದರೆ ಸಾಲದಂತೆ. ಜನ ತೊಟ್ಟು, ಬೆವರಿ, ಒಗೆದ ಬಟ್ಟೆಯೇ ಆಗಬೇಕು ಅಂತ ನಿಯಮ. ಅದಕ್ಕಾಗಿ ಮೂವತ್ತು ಸೈನಿಕರಿಗೆ ತಲಾ ನಾಲ್ಕು ಸೆಟ್ ಕೊಟ್ಟಿದ್ದಾರೆ. ಅವರು ತೊಟ್ಟ ಸೆಟ್‌ಗಳು ಒಂದೊಂದಾಗಿ ಇಲ್ಲಿಗೆ ಬರುತ್ತವೆ. ಹೆಸರಿಲ್ಲ, ನಂಬರ್ ಮಾತ್ರ. ಪರೀಕ್ಷೆ ಮಾಡುವವರ ರಕ್ತಸಂಬಂಧಿ ಒಬ್ಬ ಆ ಮೂವತ್ತರಲ್ಲಿದ್ದರೂ ಇಡೀ ಪ್ರಯೋಗ ರದ್ದು, ಟೆಂಡರ್ ಮತ್ತೆ ಮೊದಲಿಂದ. ನನ್ನವರು ಯಾರೂ ಇಲ್ಲ ಅಂತ ಸಹಿ ಹಾಕಿದ್ದೇನೆ. ಆಮೇಲೆ ಗೊತ್ತಾಯಿತು, ಆ ಮೂವತ್ತು ಜನ ನಿಮ್ಮ ಕ್ಯಾಂಪಿನವರಂತೆ. ನೀನು ಅದರಲ್ಲಿ ಇಲ್ಲ ತಾನೆ?

ನಿನ್ನ ಅಕ್ಕ


ನವೆಂಬರ್ ೨೮

ಅಕ್ಕ,

ಲಾರಿ ಬಂದಿದ್ದು ಇವತ್ತು. ಇಲ್ಲಿ ಫೋನು ಬಳಸುವಂತಿಲ್ಲ, ಬಳಸಿದರೂ ಸಿಗ್ನಲ್ ಇಲ್ಲ, ಹಾಗಾಗಿ ನಿನ್ನ ಕಾಗದವನ್ನೇ ಎಲ್ಲರೂ ಹಂಚಿಕೊಂಡು ಓದುತ್ತಾರೆ. ಗೊಂಬೆಯ ವಿಷಯ ಓದಿದ ಮೇಲೆ ನನ್ನ ಬ್ಯಾರಕ್ಕಿನವರೆಲ್ಲ ನನಗೆ ಶುಭ ಕೋರಿದರು. ಅಂತೂ ಇಂತೂ ನನಗೊಬ್ಬ ಭಾವ ಸಿಕ್ಕ! ಎಷ್ಟು ವರ್ಷದಿಂದ ಗಂಡು ನೋಡುತ್ತಿದ್ದೆವು, ಒಬ್ಬರಿಗೂ ನೀನು ಹೂಂ ಅನ್ನಲಿಲ್ಲ. ಈತನಾದರೆ ಎದುರು ಮಾತಾಡುವುದಿಲ್ಲ, ನೀನು ಸುಟ್ಟರೂ ಸುಮ್ಮನಿರುತ್ತಾನೆ. ಭಾವನಿಗೆ ನನ್ನ ನಮಸ್ಕಾರ ಹೇಳು.

ನಾನು ಆ ಮೂವತ್ತರಲ್ಲಿ ಇಲ್ಲ. ಹಳೇ ಬಟ್ಟೆಯಲ್ಲೇ ಇದ್ದೇನೆ.

ಆದರೆ ಆ ಬಟ್ಟೆ ಬೇಗ ಪಾಸಾಗಲಿ. ಹೋದ ಚಳಿಗಾಲ ಒಲೆ ಸಿಡಿದ ಸುದ್ದಿ ನಿನಗೆ ಎರಡೇ ಸಾಲಲ್ಲಿ ಬರೆದಿದ್ದೆ. ಪೂರ್ತಿ ಬರೆದಿರಲಿಲ್ಲ. ನಮ್ಮ ಡ್ರೈವರ್ ಅಣ್ಣನ ಬಟ್ಟೆ ಉರಿಯಲಿಲ್ಲ ಅಕ್ಕ, ಮೇಣದ ಹಾಗೆ ಕರಗಿತು. ಬಟ್ಟೆ ಎಲ್ಲಿಗೆ ಮುಗಿದು ಚರ್ಮ ಎಲ್ಲಿಂದ ಶುರು ಅಂತ ಡಾಕ್ಟರಿಗೂ ತಿಳಿಯಲಿಲ್ಲ. ಆತ ಪ್ರಾಣ ಬಿಡುವವರೆಗೆ ತಲೆ ನನ್ನ ತೊಡೆಯ ಮೇಲಿತ್ತು. ನಾವೆಲ್ಲ ಈಗಲೂ ಅದೇ ಬಟ್ಟೆ ತೊಟ್ಟು ಅದೇ ಥರದ ಒಲೆಯ ಪಕ್ಕ ಮಲಗುತ್ತೇವೆ.

ಬೇರೆಲ್ಲ ಚೆನ್ನಾಗಿದೆ. ಎಡ ಭುಜದ ಹಿಂದೆ ಒಂದಿಷ್ಟು ಕೆಂಪಗಾಗಿದೆ, ಅಂಗೈಯಗಲ. ನಮ್ಮ ಬಟ್ಟೆ ಒಗೆಯುವಾತನ ಸೋಪು ಅಂಥದ್ದು, ಕಬ್ಬಿಣಕ್ಕೆ ಹಾಕಿದರೂ ಬಣ್ಣ ಬಿಡುತ್ತದೆ.

ಗಿಡ್ಡ


ಡಿಸೆಂಬರ್ ೧೭

ಗಿಡ್ಡ,

ಭಾವನಿಗೆ ನಿನ್ನ ನಮಸ್ಕಾರ ತಲುಪಿಸಿದೆ. ನಮ್ಮ ಸಾಹೇಬರು ಹಿಂದೆಯೇ ನಿಂತಿದ್ದರು. ‘ಯಾರ ಜೊತೆ ಮಾತಾಡ್ತಿದ್ದೀರಮ್ಮಾ?’ ಅಂದರು. ‘ನಮ್ಮೆಜಮಾನ್ರ ಜೊತೆ ಸಾರ್’ ಅಂದುಬಿಟ್ಟೆ. ಅವತ್ತಿಂದ ನನ್ನನ್ನು ಕಂಡರೆ ದಾರಿ ಬಿಡುತ್ತಾರೆ.

ಭುಜಕ್ಕೆ ಎಣ್ಣೆ ಹಚ್ಚು. ಉಜ್ಜಬೇಡ. ಆ ಸೋಪಿನವನಿಗೆ ನನ್ನ ಪರವಾಗಿ ನಾಲ್ಕು ಮಾತು ಬೈ.

ನವೆಂಬರಿನಿಂದ ಹತ್ತಾರು ಸೆಟ್ ಸುಟ್ಟಿದ್ದೇನೆ. ಮೊದಲ ದಿನ ಸ್ವಿಚ್ ಒತ್ತಿ ಕಣ್ಣು ಮುಚ್ಚಿಕೊಂಡಿದ್ದೆ, ಈಗ ಅಭ್ಯಾಸವಾಗಿದೆ. ಬೆಂಕಿ ನಿಂತ ಮೇಲೆ ಪರದೆಯ ಮೇಲೆ ಒಬ್ಬ ಮನುಷ್ಯನ ಆಕಾರ ಮೂಡುತ್ತದೆ. ಸುಡುತ್ತಿದ್ದ ಜಾಗವೆಲ್ಲ ಕೆಂಪು. ಬಟ್ಟೆ ಮೈಗೆ ಬಿಗಿಯಾಗಿ ಕೂರುವ ಕಡೆಯೇ ಹೆಚ್ಚು: ಭುಜದ ಹಿಂದೆ, ಸೊಂಟದ ಪಟ್ಟಿ, ತೋಳಿನ ಕಫ್ ಇರುವ ಮುಂಗೈ. ಪಾಸು ಅಂದರೆ ಏನೂ ಸುಡದಿರುವುದು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ನೂರು ಭಾಗ ಮೈಯಲ್ಲಿ ಇಪ್ಪತ್ತೈದು ಭಾಗದವರೆಗೆ ಸುಟ್ಟರೂ ಪಾಸೇ. ಈ ಬಟ್ಟೆ ಇಲ್ಲಿಯವರೆಗೆ ನಾಲ್ಕೈದು ದಾಟಿಲ್ಲ, ಬಹಳ ಒಳ್ಳೆಯ ಬಟ್ಟೆ.

ಒಂದು ವಿಚಿತ್ರ ಹೇಳುತ್ತೇನೆ, ನಗಬೇಡ. ಎಷ್ಟು ಒಗೆದು ಬಂದರೂ ಪ್ರತಿ ಸೆಟ್ಟಿಗೂ ಅದರದೇ ವಾಸನೆ ಇರುತ್ತದೆ, ತೊಟ್ಟವರ ವಾಸನೆ. ನಂಬರ್ ನೋಡದೆಯೇ ನಾನೀಗ ಹೇಳಬಲ್ಲೆ. ಅದರಲ್ಲಿ ಒಂದು ನನಗೆ ಗೊತ್ತಿರುವ ವಾಸನೆ. ಯಾರದೆಂದು ನೆನಪಾಗುವುದಿಲ್ಲ, ಆದರೆ ಅದನ್ನು ಗೊಂಬೆಗೆ ತೊಡಿಸಿದಾಗ ಕಾಲರ್ ಸರಿಮಾಡದೆ ಹೊರಗೆ ಬರಲು ಮನಸ್ಸಾಗುವುದಿಲ್ಲ. ಮೊನ್ನೆ ಸರಿಮಾಡಿ ಗುಂಡಿ ಹಾಕಿ, ‘ಹುಷಾರು’ ಅಂದುಬಿಟ್ಟೆ. ಆಮೇಲೆ ಸ್ವಿಚ್ ಒತ್ತಿದೆ.

ಅಕ್ಕ


ಜನವರಿ ೫

ಅಕ್ಕ,

ನೀನು ಬೆಂಕಿ ಹಾಕುವ ದಿನಗಳು ಯಾವುವು? ಸುಮ್ಮನೆ ಕೇಳುತ್ತಿದ್ದೇನೆ.

ಇಲ್ಲಿ ಆ ಮೂವತ್ತು ಜನರ ನಡುವೆ ಒಂದು ಮಾತು ಓಡಾಡುತ್ತಿದೆ. ನೀನು ಕಾಗಕ್ಕ ಗುಬ್ಬಕ್ಕನ ಕಥೆ ಅನ್ನುತ್ತೀಯ, ಅನ್ನು. ಬೆಳಿಗ್ಗೆ ಹಾಜರಿಗೆ ಸಾಲಾಗಿ ನಿಂತಿರುತ್ತೇವೆ, ಇದ್ದಕ್ಕಿದ್ದಂತೆ ಒಬ್ಬ ಕಿರುಚಿ ಬಗ್ಗುತ್ತಾನೆ. ಅಂಗಿ ಬಿಚ್ಚಿಸಿದರೆ ಚರ್ಮ ಸುಟ್ಟಿರುತ್ತದೆ, ಗುಳ್ಳೆ ಎದ್ದಿರುತ್ತದೆ. ಅಂಗಿಗೆ ಮಾತ್ರ ಒಂದು ಕಿಡಿ ತಾಗಿದ ಗುರುತೂ ಇಲ್ಲ. ಡಾಕ್ಟರು ಮೊದಲು ಸೋಪು ಅಂದರು. ಆಮೇಲೆ ಚಳಿ ಅಂದರು. ಈಗ ಏನೂ ಅನ್ನುವುದಿಲ್ಲ, ಮುಲಾಮು ಕೊಟ್ಟು ಕಳಿಸುತ್ತಾರೆ.

ನಮ್ಮ ಅಡುಗೆಯವರದು ಇನ್ನೂ ವಿಚಿತ್ರ. ಅವರು ಪ್ರಯೋಗದಲ್ಲೇ ಇಲ್ಲ. ಒಂದು ದಿನ ಅವರ ಬಟ್ಟೆ ಒಣಗದೆ, ಒಗೆದಿಟ್ಟ ಗಂಟಿನಿಂದ ಇಪ್ಪತ್ತೆರಡನೇ ನಂಬರಿನವನ ಸೆಟ್ ತೆಗೆದು ತೊಟ್ಟುಕೊಂಡರು. ಆಮೇಲೆ ಬಿಚ್ಚಿ ಹಾಗೇ ಮಡಿಸಿ ಗಂಟಿಗೆ ಸೇರಿಸಿದರು. ಅದು ಲಾರಿಯಲ್ಲಿ ನಿನ್ನ ಕಡೆಗೆ ಬಂತು. ಎರಡು ವಾರ ಕಳೆದು, ಈರುಳ್ಳಿ ಹೆಚ್ಚುತ್ತಿದ್ದವರು ಸೊಂಟ ಹಿಡಿದುಕೊಂಡು ಕೂತುಬಿಟ್ಟರು. ಸೊಂಟದ ಸುತ್ತ ಬೆಲ್ಟಿನ ಹಾಗೆ ಸುಟ್ಟಿತ್ತು. ಇಪ್ಪತ್ತೆರಡನೆಯವನಿಗೆ ಏನೂ ಆಗಲಿಲ್ಲ. ಕಡೆಗೆ ತೊಟ್ಟವರು ಯಾರೋ ಅವರಿಗೇ ತಾಗುತ್ತದೆ ಅಂತ ಎಲ್ಲರ ಲೆಕ್ಕ.

ನನಗೇನೂ ಆಗಿಲ್ಲ. ನಾನು ಹಳೇ ಬಟ್ಟೆಯವನು ತಾನೆ.

ಡಿಸೆಂಬರ್ ಎಂಟು, ಹತ್ತೊಂಬತ್ತು, ಇಪ್ಪತ್ತಾರು. ಇಲ್ಲಿ ಜನ ಕಿರುಚಿದ ದಿನಗಳಲ್ಲಿ ಇವು ಮೂರು. ನಿನ್ನ ದಿನಗಳ ಜೊತೆ ಹೋಲಿಸಿ ನೋಡು. ಹೊಂದದಿದ್ದರೆ ಎಲ್ಲರಿಗೂ ಓದಿ ಹೇಳಿ ನಗಿಸುತ್ತೇನೆ.

ಗಿಡ್ಡ


ಜನವರಿ ೨೨

ಗಿಡ್ಡ,

ಹೊಂದುತ್ತವೆ.

ಮೂರೂ ದಿನ ನಾನು ಸ್ವಿಚ್ ಒತ್ತಿದ್ದೇನೆ. ಅಡುಗೆಯವರದು ಇಪ್ಪತ್ತಾರನೇ ತಾರೀಖು. ಅವತ್ತು ಸುಟ್ಟಿದ್ದು ಇಪ್ಪತ್ತೆರಡನೇ ನಂಬರು, ಸೊಂಟದ ಪಟ್ಟಿಯೇ ಕೆಂಪಾಗಿತ್ತು. ನಿನ್ನ ಕಾಗದವನ್ನು ರಿಜಿಸ್ಟರಿನ ಪಕ್ಕ ಇಟ್ಟು ಎರಡೆರಡು ಸಲ ನೋಡಿದೆ. ನಾನು ಜನರನ್ನು ಸುಡುತ್ತಿದ್ದೇನೆ ಗಿಡ್ಡ. ಗಾಜಿನ ಹಿಂದೆ ನಿಂತು, ಚಹಾ ಲೋಟ ಪಕ್ಕದಲ್ಲಿಟ್ಟುಕೊಂಡು.

ಗ್ಯಾಸ್ ಪೈಪಿನಲ್ಲಿ ಸೋರಿಕೆ ಇದೆ ಅಂತ ಸುಳ್ಳು ಹೇಳಿ ಸದ್ಯಕ್ಕೆ ಕೋಣೆ ಮುಚ್ಚಿಸಿದ್ದೇನೆ. ಹೆಚ್ಚು ದಿನ ನಡೆಯುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಜನ ಇವರು, ಆದರೆ ಬಟ್ಟೆ ಕಂಪನಿಯವರು ಬಂದು ಬಾಗಿಲಲ್ಲಿ ನಿಂತರೆ ಪೂಜಾರಿಗಳಿಗೂ ಅವಸರ ಬರುತ್ತದೆ. ಸಾಹೇಬರಿಗೆ ನಿಜ ಹೇಳಿದರೆ ನನ್ನನ್ನು ಮನೆಗೆ ಕಳಿಸಿ ಬೇರೆಯವರಿಂದ ಸ್ವಿಚ್ ಒತ್ತಿಸುತ್ತಾರೆ, ಅಷ್ಟೆ.

ಈಗ ನಿನ್ನ ವಿಷಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಕೇಳದೆ ನೀನೇ ಭುಜದ ಸುದ್ದಿ ಬರೆದೆ. ಸೋಪು ಅಂದೆ. ನವೆಂಬರಿನಲ್ಲಿ ನಾನು ಮೊದಲು ಸುಟ್ಟ ಸೆಟ್ಟಿನಲ್ಲಿ ಎಡ ಭುಜದ ಹಿಂದೆ ಅಂಗೈಯಗಲ ಕೆಂಪಿತ್ತು. ಅದೇ ನಂಬರಿನ ಇನ್ನೊಂದು ಸೆಟ್ ಈಗ ನನ್ನ ಬೀರುವಿನಲ್ಲಿದೆ. ನಿನ್ನೆ ತೆಗೆದು ಮುಖಕ್ಕೆ ಹಿಡಿದೆ. ಅಮ್ಮ ತೀರಿಹೋದ ವರ್ಷ ನೀನು ಜ್ವರ ಬಂದು ನನ್ನ ಪಕ್ಕ ಮಲಗುತ್ತಿದ್ದೆಯಲ್ಲ, ಆ ತಲೆದಿಂಬಿನ ವಾಸನೆ.

ನನ್ನ ಹತ್ತಿರ ಸುಳ್ಳು ಹೇಳಬೇಡ. ನೀನು ಹದಿನೇಳನೇ ನಂಬರು ಹೌದೋ ಅಲ್ಲವೋ? ಹೌದಾದರೆ ನಾಳೆಯೇ ಹೋಗಿ ನನ್ನ ತಮ್ಮ ಇದರಲ್ಲಿದ್ದಾನೆ ಅಂತ ಬರೆದುಕೊಟ್ಟು ಎಲ್ಲ ರದ್ದು ಮಾಡಿಸುತ್ತೇನೆ. ಕೆಲಸ ಹೋದರೆ ಹೋಗಲಿ.

ಇನ್ನೊಂದು. ಅಡುಗೆಯವರು ಆ ಸೆಟ್ ಎಷ್ಟು ಹೊತ್ತು ತೊಟ್ಟಿದ್ದರು, ವಿಚಾರಿಸಿ ಬರಿ.

ಅಕ್ಕ


ಫೆಬ್ರವರಿ ೮

ಅಕ್ಕ,

ಹೌದು. ಹದಿನೇಳು ನಾನೇ.

ನೀನು ಆ ಕೋಣೆಗೆ ಹೋಗುವ ಮೊದಲೇ ನಾನು ಹೆಸರು ಕೊಟ್ಟಾಗಿತ್ತು. ನಿನ್ನ ಮೊದಲ ಕಾಗದ ಓದಿ, ನಿಜ ಹೇಳಿದರೆ ಎಲ್ಲ ರದ್ದಾಗುತ್ತದೆ ಅಂತ ಬಾಯಿ ಮುಚ್ಚಿಕೊಂಡೆ. ಮೂರು ಸಲ ಸುಟ್ಟಿದೆ ನನಗೆ. ದೊಡ್ಡದೇನಲ್ಲ. ಭುಜ, ಸೊಂಟ, ಮುಂಗೈ, ಎಲ್ಲರಿಗೂ ಅವೇ ಜಾಗ.

ನೀನು ಬರೆದುಕೊಡಬೇಡ. ಕೈ ಮುಗಿದು ಕೇಳುತ್ತೇನೆ. ರದ್ದಾದರೆ ಟೆಂಡರ್ ಮತ್ತೆ ಕರೆಯುವುದಕ್ಕೆ ಒಂದು ವರ್ಷ, ಪರೀಕ್ಷೆಗೆ ಒಂದು ವರ್ಷ. ಅಷ್ಟರಲ್ಲಿ ಎಷ್ಟು ಒಲೆ ಸಿಡಿಯುತ್ತವೆ? ನಿನ್ನ ಕಾಗದ ಈ ಸಲ ಆ ಮೂವತ್ತು ಜನಕ್ಕೆ ಮಾತ್ರ ಓದಿ ಹೇಳಿದೆ. ಯಾರೂ ನಿನ್ನನ್ನು ಬೈಯಲಿಲ್ಲ. ಆಮೇಲೆ ಅಡುಗೆಯವರು, ಕರೆಯದೆ ಬಂದು ಕೂತಿದ್ದವರು, ‘ಚೂರುಪಾರು ಸುಟ್ರೆ ಸುಡ್ಲಿ ಬಿಡ್ರೋ. ಆ ಡ್ರೈವರ್ ಥರ ಕರಗಿ ಅಂಟ್ಕೊಂಡು ಸಾಯೋದಕ್ಕಿಂತ ವಾಸಿ’ ಅಂದರು. ಎಲ್ಲರೂ ಒಪ್ಪಿದರು. ಇಪ್ಪತ್ತೆರಡನೆಯವನು ಮಾತ್ರ ‘ನಿಮ್ಮಕ್ಕಂಗೆ ಹೇಳು, ಮುಖಕ್ಕೆ ಮಾತ್ರ ಬೇಡ, ಮುಂದಿನ ತಿಂಗ್ಳು ಹೆಣ್ಣು ನೋಡೋಕೆ ಹೋಗ್ಬೇಕು’ ಅಂದ. ಗೊಂಬೆಗೆ ಮುಖವೇ ಇಲ್ಲ, ಹೆದರಬೇಡ ಅಂದೆ.

ಅಡುಗೆಯವರು ತೊಟ್ಟಿದ್ದು ಪಾತ್ರೆ ತೊಳೆಯುವಷ್ಟು ಹೊತ್ತು. ಯಾಕೆ ಕೇಳಿದೆ?

ನೀನು ಅಳುತ್ತಾ ಕೂರಬೇಡ. ಚಹಾ ಕುಡಿ. ಕೋಣೆ ತೆರೆಸು.

ಗಿಡ್ಡ


ಫೆಬ್ರವರಿ ೨೬

ಗಿಡ್ಡ,

ಕೋಣೆ ತೆರೆದಿದೆ. ನೀನು ಹೇಳಿದ್ದಕ್ಕೆ ತೆರೆಸಿದೆ ಅಂತ ಜಂಬ ಪಡಬೇಡ, ಸಾಹೇಬರು ಪೈಪಿನವನನ್ನು ಕರೆತಂದು ನನ್ನ ಸುಳ್ಳು ಹಿಡಿದರು. ವಾರಗಟ್ಟಲೆ ಸುಡದಿದ್ದುದು ನಿಮ್ಮವರಿಗೆ ಒಳ್ಳೆಯದೇ ಆಯಿತು. ಅವಧಿ ಮುಗಿಯಿತು ಅಂತ ನಡುವಿನ ಪರೀಕ್ಷೆಗಳನ್ನೆಲ್ಲ ಬಿಟ್ಟರು. ಈಗ ಉಳಿದಿರುವುದು ಕೊನೆಯದು ಒಂದೇ.

ಈ ಕೊನೆಯದು ಬೇರೆ ಥರ. ಒಂದೇ ಸೆಟ್, ಆದರೆ ಬೆಂಕಿ ಎರಡರಷ್ಟು ಹೊತ್ತು. ಯಾರ ಸೆಟ್ ಅಂತ ಚೀಟಿ ಎತ್ತಿ ಆರಿಸಬೇಕು. ಕಂಪನಿಯವರು, ಸಾಹೇಬರು ಎಲ್ಲರೂ ನಿಂತಿದ್ದರು. ನಾನೇ ಎತ್ತಬೇಕಾಯಿತು.

ಹದಿನೇಳು.

ಚೀಟಿ ನುಂಗಿಬಿಡೋಣ ಅನ್ನಿಸಿತು. ಎಲ್ಲರ ಎದುರು ಓದಿದೆ. ಎರಡರಷ್ಟು ಹೊತ್ತಿಗೆ ಎಷ್ಟು ಸುಡಬಹುದು ಅಂತ ಕೇಳಬೇಡ. ಸೆಟ್ಟಿಗೆ ಅಲ್ಲೇ ಸೀಲ್ ಹಾಕಿದರು, ಬದಲಾಯಿಸಲು ಆಗುವುದಿಲ್ಲ. ಪರೀಕ್ಷೆ ಮಾರ್ಚ್ ಹದಿನೆಂಟು, ಬೆಳಿಗ್ಗೆ ಹತ್ತಕ್ಕೆ.

ಆದರೆ ನೀನು ಹೆದರಬೇಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ದಾರಿ ಒಂದು ಕಂಡಿದೆ. ಪರೀಕ್ಷೆಯ ಹಿಂದಿನ ದಿನ ಸೀಲ್ ಒಡೆದು, ಬಟ್ಟೆಯನ್ನು ಹದವಾದ ಬಿಸುಪಿನ ಕೋಣೆಯಲ್ಲಿ ನೇತುಹಾಕಬೇಕು ಅಂತ ನಿಯಮ. ಆ ಒಂದು ದಿನ ಅದು ನನ್ನ ಸುಪರ್ದಿ. ಬೀಗದ ಕೈ ನನ್ನ ಹತ್ತಿರ. ಮೊದಲು ಅಂಗಳದ ಬೀದಿನಾಯಿಯ ನೆನಪಾಯಿತು. ಬಿಸ್ಕತ್ತು ಹಿಡಿದು ಹತ್ತಿರ ಹೋದರೆ ಬಾಲ ಅಲ್ಲಾಡಿಸುತ್ತಾ ಬಂದು ನನ್ನ ಪಾದದ ಮೇಲೆ ತಲೆಯಿಟ್ಟಿತು. ಛೆ, ಆಗಲಿಲ್ಲ ಬಿಡು. ನಮ್ಮ ಬೆಂಕಿಯ ಲೆಕ್ಕ ಅದಕ್ಕೇನು ಗೊತ್ತು?

ಬೇರೆ ದಾರಿಯನ್ನೇ ಹಿಡಿಯುತ್ತೇನೆ. ಅದೇನು ಅಂತ ಕೇಳಬೇಡ, ಸರ್ಕಾರಿ ಗುಟ್ಟು. ನಿನಗೆ ಏನೂ ಆಗುವುದಿಲ್ಲ, ಇಷ್ಟು ಮಾತ್ರ ಮಾತು ಕೊಡುತ್ತೇನೆ. ಚಿಕ್ಕಂದಿನಲ್ಲಿ ನಿನಗೆ ಕೊಟ್ಟ ಯಾವ ಮಾತು ತಪ್ಪಿದ್ದೇನೆ ಹೇಳು? ಸೈಕಲ್ ಒಂದು ಬಿಟ್ಟು.

ಹೊಟ್ಟೆ ತುಂಬ ಉಣ್ಣು.

ಅಕ್ಕ


ಮಾರ್ಚ್ ೧೮

ಅಕ್ಕಾ!

ಏನೂ ಆಗಲಿಲ್ಲ! ಈಗ ಮಧ್ಯಾಹ್ನ, ಊಟ ಮಾಡಿ ಬಂದು ಬರೆಯುತ್ತಿದ್ದೇನೆ. ಒಂದು ಗುಳ್ಳೆ ಇಲ್ಲ, ಒಂದು ಚೂರು ಕೆಂಪಿಲ್ಲ.

ಬೆಳಿಗ್ಗೆಯ ನಾಟಕ ನೀನು ನೋಡಬೇಕಿತ್ತು. ನನ್ನನ್ನು ಅಂಗಿ ಬಿಚ್ಚಿಸಿ ಸ್ಟೂಲಿನ ಮೇಲೆ ಕೂರಿಸಿದರು. ಸುತ್ತ ನೀರು ತುಂಬಿದ ಬಕೆಟ್ಟುಗಳು. ಡಾಕ್ಟರು ಮುಲಾಮಿನ ಡಬ್ಬ ತೆರೆದು ಕೂತರು. ಆ ಚಳಿಯಲ್ಲಿ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಹತ್ತಾಯಿತು. ಎಲ್ಲರೂ ನನ್ನ ಭುಜವನ್ನೇ ನೋಡುತ್ತಿದ್ದಾರೆ. ಆಗ ಅಡುಗೆಯವರು ‘ಬೇಯೋದು ಇನ್ನೂ ಎಷ್ಟು ಹೊತ್ತು ನೋಡ್ರೋ, ನಾನು ಉಪ್ಪು ಹಿಡ್ಕೊಂಡು ಕಾಯ್ತಿದ್ದೀನಿ’ ಅಂದರು. ನಾನು ನಕ್ಕೆ. ಎಲ್ಲರೂ ನಕ್ಕರು. ಬ್ಯಾರಕ್ಕು ಹಾರಿಹೋಗುವ ಹಾಗೆ ನಕ್ಕೆವು. ಎಷ್ಟು ತಿಂಗಳಾಗಿತ್ತು ಹಾಗೆ ನಕ್ಕು. ಆ ಗದ್ದಲದಲ್ಲಿ ಯಾರೋ ಹಿಂದಿನಿಂದ ‘ಗಿಡ್ಡಾ’ ಅಂತ ಕೂಗಿದ ಹಾಗಾಯಿತು, ನಿನ್ನದೇ ದನಿ. ತಿರುಗಿ ನೋಡಿದರೆ ಗೋಡೆ. ಹೆದರಿಕೆಗೆ ಕಿವಿಯೂ ಆಟ ಆಡುತ್ತದೆ ಅಂತ ಇನ್ನೂ ಜೋರಾಗಿ ನಕ್ಕೆ.

ಅಂತೂ ನಿನ್ನ ಸರ್ಕಾರಿ ಗುಟ್ಟು ಕೆಲಸ ಮಾಡಿತೋ, ಅಥವಾ ಇದೆಲ್ಲ ಮೊದಲಿಂದಲೂ ಸೋಪೇ ಆಗಿತ್ತೋ. ಡಾಕ್ಟರು ಸೋಪಿನ ಕಡೆಗೇ ವಾಲಿದ್ದಾರೆ. ನನಗೂ ಈಗ ಹಾಗೇ ಅನ್ನಿಸುತ್ತಿದೆ. ಮೂವತ್ತು ಜನ ಒಟ್ಟಿಗೆ ಹೆದರಿದರೆ ಏನು ಬೇಕಾದರೂ ಕಾಣುತ್ತದೆ.

ಏನು ಮಾಡಿದೆ ಹೇಳು. ಆ ಗೊಂಬೆಯ ಜೊತೆ ಏನಾದರೂ ಒಪ್ಪಂದವಾಯಿತೇ? ಬಟ್ಟೆ ಪಾಸಾಯಿತೇ? ಬೇಗ ಬರಿ. ಲಾರಿ ಕಾಯುತ್ತಿರುತ್ತೇನೆ.

ಗಿಡ್ಡ


ಏಪ್ರಿಲ್ ೮

ಗಿಡ್ಡ,

ಅಕ್ಷರ ನನ್ನದಲ್ಲ ಅಂತ ಗಾಬರಿಯಾಗಬೇಡ. ಪಕ್ಕದ ಹಾಸಿಗೆಯಲ್ಲಿ ಒಬ್ಬರು ಟೀಚರ್ ಇದ್ದಾರೆ, ಕಾಲು ಮುರಿದುಕೊಂಡವರು. ನಾನು ಹೇಳುತ್ತೇನೆ, ಅವರು ಬರೆಯುತ್ತಾರೆ. ಹೇಳಿದ್ದರಲ್ಲಿ ಅರ್ಧ ತಿದ್ದುತ್ತಾರೆ. ಈ ವಾಕ್ಯಕ್ಕೂ ಕಣ್ಣು ಬಿಟ್ಟರು.

ಆಫೀಸಿನ ಬಿಸಿನೀರಿನ ಬಾಯ್ಲರ್ ಹತ್ತಿರ ಜಾರಿದೆ. ನನ್ನ ಗಡಿಬಿಡಿ ನಿನಗೆ ಗೊತ್ತಲ್ಲ. ಇಲ್ಲಿಗೆ ಬಂದು ಮೂರು ವಾರವಾಯಿತು. ಬೋರಲು ಮಲಗಿಸಿದ್ದಾರೆ, ಬೆನ್ನು ಊರುವಂತಿಲ್ಲ. ಸೊಂಟಕ್ಕೆ ಒಂದು ಲಾಡಿಯನ್ನೂ ಕಟ್ಟಲು ಬಿಡುವುದಿಲ್ಲ. ಮುಂಗೈಗೆ ಪಟ್ಟಿ ಇದೆ, ಅದಕ್ಕೇ ಟೀಚರ್. ನರ್ಸ್‌ಗಳು ಒಳ್ಳೆಯವರು. ಅಷ್ಟೇನೂ ನೋವಿಲ್ಲ. ಟೀಚರ್ ಈಗ ನನ್ನ ಮುಖ ನೋಡಿದರು, ನೀನು ಅವರನ್ನು ನಂಬಬೇಡ.

ಬಟ್ಟೆ ಪಾಸಾಯಿತು. ಕೊನೆಯ ಪರೀಕ್ಷೆಯಲ್ಲಿ ಹತ್ತೊಂಬತ್ತು ಭಾಗ ಬಂತು, ಇಪ್ಪತ್ತೈದರ ಒಳಗೆ. ಸಾಹೇಬರು ಆಸ್ಪತ್ರೆಗೆ ಹಣ್ಣು ತಂದು ಹೇಳಿಹೋದರು. ಹಳೇ ಬಟ್ಟೆಯಾಗಿದ್ದರೆ ಅರವತ್ತಾದರೂ ಆಗುತ್ತಿತ್ತಂತೆ, ಅಂಥವರು ಬದುಕುವುದಿಲ್ಲವಂತೆ. ಹಾಗಾಗಿ ಇದು ನಿಜಕ್ಕೂ ಒಳ್ಳೆಯ ಬಟ್ಟೆ ಗಿಡ್ಡ. ನನಗೆ ಗೊತ್ತು. ಮುಂದಿನ ಚಳಿಗಾಲಕ್ಕೆ ಎಲ್ಲ ಕ್ಯಾಂಪಿಗೂ ಬರುತ್ತದೆ. ಮೊದಲ ಕಂತು ನಿಮಗೇ, ಈ ತಿಂಗಳೇ.

ನಿಯಮಕ್ಕೆ ಒಂದು ತಿದ್ದುಪಡಿ ಬರೆಸಿದ್ದೇನೆ. ಇನ್ನು ಮುಂದೆ ಮನುಷ್ಯರು ತೊಟ್ಟ ಬಟ್ಟೆಯನ್ನು ಸುಡುವಂತಿಲ್ಲ, ಮೆಷಿನ್ನಿನಲ್ಲಿ ಒಗೆದು ಸವೆಸಿದ್ದನ್ನೇ ಸುಡಬೇಕು. ಕಾರಣ ಕೊಡಿ ಅಂದರು. ‘ಶುಚಿತ್ವದ ದೃಷ್ಟಿಯಿಂದ’ ಅಂದೆ. ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ಬೀರುವಿನಲ್ಲಿ ಉಳಿದಿರುವ ನಿಮ್ಮ ಸೆಟ್‌ಗಳನ್ನೆಲ್ಲ ಲಾರಿಯಲ್ಲಿ ವಾಪಸ್ ಕಳಿಸಲು ಹೇಳಿದ್ದೇನೆ. ಅವರವರದು ಅವರವರು ಜೋಪಾನ ಮಾಡಿ. ಒಲೆಯ ಹತ್ತಿರ ಒಣಹಾಕಬೇಡಿ.

ನಿನ್ನ ಕಾಗದ ಟೀಚರ್ ಜೋರಾಗಿ ಓದಿದರು. ಅಡುಗೆಯವರ ಉಪ್ಪಿನ ಮಾತಿಗೆ ವಾರ್ಡೆಲ್ಲ ನಕ್ಕಿತು. ನಾನೂ ನಕ್ಕೆ. ಸೋಪೇ ಇರಬೇಕು. ಡಾಕ್ಟರು ತಿಳಿದವರು, ಅವರು ಹೇಳಿದ್ದನ್ನೇ ನಂಬು.

ಅಕ್ಕ


ಏಪ್ರಿಲ್ ೨೫

ಅಕ್ಕ,

ಟೀಚರ್ ಅವರೇ, ದಯವಿಟ್ಟು ಇದನ್ನು ಮೆಲ್ಲಗೆ ಓದಿ, ವಾರ್ಡಿಗೆಲ್ಲ ಬೇಡ.

ಬಾಯ್ಲರ್ ಹತ್ತಿರ ಜಾರಿದವರಿಗೆ ಭುಜದ ಹಿಂದೆ, ಸೊಂಟದ ಸುತ್ತ, ಮುಂಗೈಗೆ, ಬಟ್ಟೆ ಅಳತೆ ತೆಗೆದ ಹಾಗೆ ಸುಡುವುದಿಲ್ಲ. ಇದು ಇಲ್ಲಿ ಮೂವತ್ತು ಜನಕ್ಕೂ ಗೊತ್ತು, ಅಡುಗೆಯವರಿಗೂ ಗೊತ್ತು. ನಿನ್ನ ಕಾಗದ ಓದಿ ಹೇಳುತ್ತಾ ಸೊಂಟದ ಲಾಡಿಯ ಹತ್ತಿರ ಬಂದಾಗ ನನಗೆ ಮುಂದೆ ಓದಲಾಗಲಿಲ್ಲ. ಇಪ್ಪತ್ತೆರಡನೆಯವನು ನನ್ನ ಕೈಯಿಂದ ತೆಗೆದುಕೊಂಡು ಓದಿದ. ಹತ್ತೊಂಬತ್ತು ಅಂತ ಬಂದಾಗ ಅವನೂ ನಿಲ್ಲಿಸಿದ. ಅಡುಗೆಯವರು ಎದ್ದು ಹೊರಗೆ ಹೋದರು. ‘ಎಷ್ಟು ಹೊತ್ತು ತೊಟ್ಟಿದ್ದೆ ಅಂತ ಆ ತಾಯಿ ಕೇಳಿದ್ದು ಇದಕ್ಕಾ? ನಾನ್ಯಾಕೆ ಹೇಳಿದ್ನೋ’ ಅಂತ ಇನ್ನೂ ಅ‌ನ್ನುತ್ತಿದ್ದಾರೆ. ನಾನೇ ಕೇಳಿ ಬರೆದು ಕಳಿಸಿದವನು. ನನಗೂ ಹೊಳೆಯಲಿಲ್ಲ. ಸರ್ಕಾರಿ ಗುಟ್ಟು ಅಂದೆ, ನಂಬಿದೆ.

ನನ್ನ ಅಂಗಿ ನಿನಗೆ ದೊಗಲೆಯಾಗಿದ್ದಿರಬೇಕು. ತೋಳು ಮಡಿಸಿಕೊಂಡೆಯಾ? ಅದನ್ನು ತೊಟ್ಟು ಆ ಕೋಣೆಯಲ್ಲಿ ಒಬ್ಬಳೇ ಎಷ್ಟು ಹೊತ್ತು ಕೂತಿದ್ದೆ? ಮಾರನೆಯ ಬೆಳಿಗ್ಗೆ ಗೊಂಬೆಗೆ ತೊಡಿಸಿ ಕಾಲರ್ ಸರಿಮಾಡಿದೆಯಾ? ಸ್ವಿಚ್ ಒತ್ತಿದ್ದೂ ನೀನೇ ತಾನೆ. ಆ ಬೆರಳು ಹೇಗೆ ಮುಂದೆ ಬಂತು ನಿನಗೆ? ಬೈಯಬೇಕು ಅಂತ ಕೂತೆ, ಬೈಗುಳ ಬರುತ್ತಿಲ್ಲ.

ಹೊಸ ಬಟ್ಟೆ ಬಂದಿದೆ. ಇಡೀ ಕ್ಯಾಂಪು ತೊಟ್ಟುಕೊಂಡು ಹಿಗ್ಗುತ್ತಿದೆ. ನನ್ನದು ಕಟ್ಟು ಬಿಚ್ಚದೆ ಹಾಸಿಗೆಯ ಮೇಲಿದೆ. ಇಲ್ಲಿನ ಸಾಹೇಬರು ರಜೆ ಕೊಟ್ಟಿದ್ದಾರೆ, ಮುಂದಿನ ಲಾರಿಗೆ ಹೊರಡುತ್ತೇನೆ. ಅದನ್ನು ತೊಟ್ಟುಕೊಂಡೇ ಬರಬೇಕು ಅಂತ ಎಲ್ಲರೂ ಹೇಳುತ್ತಿದ್ದಾರೆ. ತೊಡುತ್ತೇನೆ. ನೀನು ಪಾಸು ಮಾಡಿದ ಬಟ್ಟೆ.

ಒಂದೇ ಒಂದು ಮಾತು ನುಂಗಲಾಗುತ್ತಿಲ್ಲ. ಆವತ್ತು ಹತ್ತು ಗಂಟೆಗೆ ನನ್ನನ್ನು ಕರೆದದ್ದು ನೀನೇ. ನನ್ನ ಕಿವಿ ಆಟ ಆಡಲಿಲ್ಲ. ನೀನು ಕೂಗಿದೆ ಅಕ್ಕ, ಆಗ ನಾನು ನಗುತ್ತಿದ್ದೆ.

ಗಿಡ್ಡ